ಲಗ್ನ ಮಾಡಿದರೆ ಹಾದಿಗೆ ಹತ್ತುತ್ತಾನೆ

ನಮ್ಮ ತುಕ್ಕಾನಟ್ಟಿಯ ಸುತ್ತಮುತ್ತ ಹೆಣ್ಣು ಕೊಡುವ ಮಾತು ಬಂದಾಗ ಹಿರಿಯರು ಮೊದಲು ಮಾಡುವ ಕೆಲಸವೆಂದರೆ ಗಂಡಿನ ಊರಿಗೆ ಹೋಗಿ ಚಹಾದಂಗಡಿಯಲ್ಲಿ ಕೂಡುವುದು. ಯಾರ ಮನೆಗೆ ಬಂದವರೆಂದು ಹೇಳುವುದಿಲ್ಲ. ಕಬ್ಬು ಯಾವ ಫ್ಯಾಕ್ಟರಿಗೆ ಹೋಗುತ್ತದೆ, ಈ ಸಲ ಕಾಲುವೆಗೆ ನೀರು ಯಾವಾಗ ಬಿಟ್ಟರು ಎಂದು ಮಾತು ತೆಗೆದು ಮೆಲ್ಲಗೆ ಆ ಮನೆಯ ಕಡೆಗೆ ಹೊರಳಿಸುತ್ತಾರೆ. ಹುಡುಗ ಕುಡಿಯುತ್ತಾನೋ, ಓಸಿ ಆಡುತ್ತಾನೋ, ಸೊಸೈಟಿಯಲ್ಲಿ ಸಾಲವೆಷ್ಟು, ಪೊಲೀಸ್ ಸ್ಟೇಶನ್ನಿನಲ್ಲಿ ಹೆಸರು ಇದೆಯೋ ಹೇಗೆ, ಇದೆಲ್ಲ ಅರ್ಧ ತಾಸಿನಲ್ಲಿ ಗೊತ್ತಾಗುತ್ತದೆ. ಸರಕಾರದ ಯಾವ ಇಲಾಖೆಯೂ ಇಷ್ಟು ಬೇಗ ಚೌಕಶಿ ಮುಗಿಸಲಾರದು.

ಇಷ್ಟು ಜಾಣರಾದ ನಾವು, ತಿಳಿದುಕೊಂಡು ಬಂದದ್ದನ್ನೆಲ್ಲ ಒಂದೇ ಮಾತಿನಿಂದ ಅಳಿಸಿಬಿಡುತ್ತೇವೆ. “ಹುಡುಗಾ ಒಂದೀಟ ದಾರಿ ತಪ್ಯಾನ, ಖರೆ. ಲಗ್ನ ಮಾಡಿದ್ರ ಹಾದಿಗೆ ಹತ್ತತಾನ ತಗೋರಿ.”

ಈ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹಾದಿ ತಪ್ಪಿದವನು ಅವನು. ಹಾದಿಗೆ ತರುವ ಕೆಲಸ ಮಾತ್ರ ಇನ್ನೂ ಮುಖ ನೋಡದ ಒಂದು ಹುಡುಗಿಯದು. ಹೆತ್ತವರು ಇಪ್ಪತ್ತೈದು ವರ್ಷ ಮಾಡಲಾಗದ್ದನ್ನು, ಫೌಜದಾರರು ಲಾಕಪ್ಪಿನಲ್ಲಿಟ್ಟು ಮಾಡಲಾಗದ್ದನ್ನು ಅವಳು ರೊಟ್ಟಿ ಬಡಿಯುತ್ತ ಬಡಿಯುತ್ತ ಮಾಡಿ ಮುಗಿಸಬೇಕಂತೆ. ಹಳೆಯ ಕಾಲದ ಮಾತು, ಹಳಬರ ಜೊತೆಗೇ ಹೋದೀತು ಎಂದುಕೊಂಡಿದ್ದೆವು. ಹೋಗಲಿಲ್ಲ. ಟೀವಿಯವರು ಅದಕ್ಕೆ ಬಣ್ಣ ಬಳಿದು, ಹಿನ್ನೆಲೆ ಸಂಗೀತ ಹಾಕಿ, ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಗೇ ತಂದು ಕೂಡಿಸಿದ್ದಾರೆ.

ಗೂಂಡಾ ಮನೆತನಕ್ಕೆ ಸೊಸೆಯಾಗಿ ಹೋಗುವ ಒಳ್ಳೆಯ ಹುಡುಗಿಯ ಕಥೆ ಈಗ ಧಾರಾವಾಹಿಗಳ ಒಂದು ಜಾತಿಯೇ ಆಗಿದೆ. ಹಿಂದಿಯಲ್ಲಿ 2009ರಲ್ಲಿ ಶುರುವಾದ ‘ನಾ ಆನಾ ಇಸ್ ದೇಸ್ ಲಾಡೋ’ದಲ್ಲಿ ಇಡೀ ಊರನ್ನು ಹೆದರಿಸಿ ಆಳುವ ಅಮ್ಮಾಜಿಯ ಮನೆಗೆ, ಅವಳನ್ನು ಎದುರಿಸಿ ನಿಂತ ಹುಡುಗಿಯೇ ಸೊಸೆಯಾಗಿ ಹೋದಳು. ನಮ್ಮಲ್ಲಿ 2020ರಲ್ಲಿ ಕಲರ್ಸ್ ಕನ್ನಡದಲ್ಲಿ ‘ಗಿಣಿರಾಮ’ ಬಂದಿತು. ಅದಕ್ಕಿಂತ ಒಂದು ವರ್ಷ ಮೊದಲು ಮರಾಠಿಯಲ್ಲಿ ಶುರುವಾಗಿದ್ದ ‘ಜೀವ್ ಝಾಲಾ ಯೇಡಾಪಿಸಾ’ದ ಕನ್ನಡ ರೂಪ ಅದು. ಆಯಿ ಸಾಹೇಬ ಎಂಬ ಬಲಾಢ್ಯ ಹೆಂಗಸು, ಅವಳ ಮಾತಿಗೆ ಕೈ ಎತ್ತುವ ಶಿವರಾಮ, ಅವನಿಗೂ ಬೇಡ ಅವಳಿಗೂ ಬೇಡ ಎನ್ನುವಂಥ ಮದುವೆಯಲ್ಲಿ ಸಿಕ್ಕ ಮಹತಿ. ಇಷ್ಟು ಹೇಳಿದರೆ ಮುಂದಿನದನ್ನು ನಮ್ಮೂರ ಸಣ್ಣ ಹುಡುಗರೂ ಹೇಳಿಯಾರು.

‘ಗಿಣಿರಾಮ’ದ ಒಂದು ಉಪಕಾರವನ್ನು ಮರೆಯಬಾರದು. ಉತ್ತರ ಕರ್ನಾಟಕದ ಮಾತನ್ನು ಬರೀ ನಗಿಸುವ ಆಳಿನ ಬಾಯಲ್ಲಿಡದೆ ನಾಯಕನ ಬಾಯಲ್ಲಿಟ್ಟರು. ‘ಐತಿ’, ‘ಬ್ಯಾಡ’, ‘ಹೌದಿಲ್ಲೊ’ ಎಂಬ ಮಾತು ಬೆಂಗಳೂರಿನ ಮನೆಗಳಲ್ಲೂ ಕೇಳುವಂತಾಯಿತು. ನಮ್ಮ ಮುದುಕಿಯರು ಟೀವಿಯ ಮುಂದೆ ಹಿಗ್ಗಿದ್ದು ಸುಳ್ಳಲ್ಲ. ನನಗೂ ಸಂತೋಷವೇ ಆಯಿತು. ಆದರೆ ಇಷ್ಟು ವರ್ಷ ಕಾದ ಮೇಲೆ ನಮ್ಮ ಮಾತಿಗೆ ಸಿಕ್ಕ ದೊಡ್ಡ ಮನೆ ಯಾವುದು ನೋಡಿರಿ: ಹೊಡೆಯುವವರ ಮನೆ. ಒಕ್ಕಲುತನ ಮಾಡುವವನ, ನೇಕಾರನ, ಕನ್ನಡ ಸಾಲಿಯ ಮಾಸ್ತರನ ಮನೆಗೂ ಇದೇ ಮಾತು ಸಲ್ಲುತ್ತಿತ್ತಲ್ಲ?

ಇಂಥ ಧಾರಾವಾಹಿಗಳ ವ್ಯಾಕರಣ ಬಹಳ ಸರಳ. ಮೊದಲು ಒಲ್ಲದ ತಾಳಿ. ಮೂವತ್ತು ಕಂತು ಅಳು. ಆಮೇಲೆ ಯಾರೋ ಅವಳನ್ನು ಅಡ್ಡಗಟ್ಟುತ್ತಾರೆ, ಇವನು ಹೊಡೆದಾಡಿ ಬಿಡಿಸುತ್ತಾನೆ. ನಿನ್ನೆಯವರೆಗೆ ತಪ್ಪಾಗಿದ್ದ ಹೊಡೆತವೇ ಇಂದು ಗುಣವಾಗುತ್ತದೆ. ಆಮೇಲೆ ಅವನಿಗೆ ಗಾಯ, ಇವಳ ಕೈಯಿಂದ ಗಂಜಿ. ಕಟ್ಟಕಡೆಗೆ ಅವನು ಹೊಡೆದವರು, ಅವರ ಹೆಂಡಿರು ಮಕ್ಕಳು, ಕಿತ್ತುಕೊಂಡ ಹೊಲ, ಎಲ್ಲ ಮರೆತೇ ಹೋಗಿರುತ್ತದೆ. ನೋಡುವವರಿಗೆ ಉಳಿಯುವ ಪ್ರಶ್ನೆ ಒಂದೇ: ಇಬ್ಬರೂ ಒಂದಾಗುತ್ತಾರೋ ಇಲ್ಲವೋ? ಕೋರ್ಟಿಗೆ ಹೋಗಬೇಕಾದ ಖಟ್ಲೆ ಮಲಗುವ ಕೋಣೆಯಲ್ಲಿ ರಾಜಿಯಾಗುತ್ತದೆ.

ಕನ್ನಡದ ಟೀವಿ ಮೊದಲಿನಿಂದ ಹೀಗೆ ಇರಲಿಲ್ಲ. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬಂದಿತ್ತು. ಆಮೇಲೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟಿನ ದೃಶ್ಯಕ್ಕಾಗಿ ಮಂದಿ ಊಟ ಮುಂದೂಡಿ ಕೂಡುತ್ತಿದ್ದರು. ಅಲ್ಲಿ ತಪ್ಪಿಗೆ ಹೆಸರಿತ್ತು, ಕೇಳುವವನೊಬ್ಬನಿದ್ದ, ಉತ್ತರ ಕೊಡಬೇಕಾದವನು ಕಟಕಟೆಯಲ್ಲಿ ನಿಲ್ಲುತ್ತಿದ್ದ. ನೋಡುವವರು ಬೇಸರಪಡಲಿಲ್ಲ. ಆದುದರಿಂದ “ಜನರಿಗೆ ಇದೇ ಬೇಕು” ಎಂಬ ಮಾತನ್ನು ನಾನು ನಂಬುವುದಿಲ್ಲ. ವಾರವಾರ ಟಿ.ಆರ್.ಪಿ. ಎಣಿಸುವವರಿಗೆ ಬೇಕಾದದ್ದು ಮುಗಿಯದ ಕಥೆ. ಗೂಂಡಾ ಜೈಲಿಗೆ ಹೋದರೆ ಕಥೆ ಮುಗಿಯಿತು. ಪ್ರೀತಿಗೆ ಬಿದ್ದರೆ ಮೂರು ವರ್ಷ ನಡೆಯಿತು.

ಆ ಮೂರು ವರ್ಷದಲ್ಲಿ ಒಂದು ಮೋಸ ಅಡಗಿದೆ. ಮನೆಯಲ್ಲಿ ಹೆಣ್ಣುಮಕ್ಕಳಿದ್ದವರು ಇದನ್ನು ತಿಳಿದಿರಬೇಕು. 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮು, ಒತ್ತಾಯದಿಂದಲೋ ಮೋಸದಿಂದಲೋ ಒಪ್ಪಿಗೆ ಪಡೆದು ಮಾಡಿಕೊಂಡ ಮದುವೆಯನ್ನು ರದ್ದುಪಡಿಸಿಕೊಳ್ಳಲು ಹಾದಿ ಕೊಟ್ಟಿದೆ. ಆದರೆ ಅದಕ್ಕೊಂದು ಗಡುವು. ಒತ್ತಾಯ ನಿಂತು ಅಥವಾ ಮೋಸ ತಿಳಿದು ಒಂದು ವರ್ಷದೊಳಗೆ ಅರ್ಜಿ ಕೊಡಬೇಕು. ಆಮೇಲೆ ಪೂರ್ಣ ಒಪ್ಪಿಗೆಯಿಂದ ಗಂಡನೊಡನೆ ಸಂಸಾರ ಮಾಡಿದ್ದರೆ ಆ ಅರ್ಜಿ ನಿಲ್ಲುವುದಿಲ್ಲ. ಧಾರಾವಾಹಿ ಹುಡುಗಿಗೆ ಕಲಿಸುವುದು ಏನನ್ನು? ತಡಕೋ, ನೋಡು, ಇನ್ನೊಂದು ಹಬ್ಬ ಹೋಗಲಿ, ಅವನ ಮನಸ್ಸು ಕರಗೀತು. ವಾರಕ್ಕೆ ಐದಾರು ಕಂತಿನಂತೆ ಒಂದು ವರ್ಷಕ್ಕೆ ಹತ್ತಿರಹತ್ತಿರ ಮುನ್ನೂರು ಕಂತು. ಟೀವಿಯ ಗಂಡ ಒಂದು ಸಲ ನಗುವ ಹೊತ್ತಿಗೆ ಊರಿನ ಹುಡುಗಿಯ ಗಡುವು ದಾಟಿರುತ್ತದೆ. ಇನ್ನು ಹೆಣ್ಣನ್ನು ಎತ್ತಿಕೊಂಡು ಹೋಗಿ ಮದುವೆಗೆ ಒತ್ತಾಯಿಸುವುದು ಹತ್ತು ವರ್ಷದವರೆಗೆ ಜೈಲು ಕಾಣಿಸುವ ಅಪರಾಧ. ಹಿಂದೆ ದಂಡ ಸಂಹಿತೆಯ 366ನೆಯ ಕಲಮು, 2024ರ ಜುಲೈದಿಂದ ಭಾರತೀಯ ನ್ಯಾಯ ಸಂಹಿತೆಯ 87ನೆಯ ಕಲಮು. ಟೀವಿಯಲ್ಲಿ ಅದಕ್ಕೆ ‘ಕಥಾರಂಭ’ ಎನ್ನುತ್ತಾರೆ.

“ಅದು ಬರೀ ಕಥಿ, ಮಂದಿಗೆ ತಿಳೀತೈತಿ” ಎನ್ನುವವರಿದ್ದಾರೆ. ನಮ್ಮ ಬಳಗದ ಒಂದು ಹುಡುಗಿಯನ್ನು ಬಡ್ಡಿ ಧಂದೆಯ ಮನೆಗೆ ಕೊಟ್ಟರು. ಸಾಲ ತೀರಿಸದವರ ಎತ್ತು, ಗಾಡಿ ಎಳೆದು ತರುವ ಮನೆ ಅದು. ಎಲ್ಲರಿಗೂ ಗೊತ್ತಿತ್ತು, ಹೊಲ ದೊಡ್ಡದು, ಲಗ್ನ ಮಾಡಿದರೆ ಹಾದಿಗೆ ಹತ್ತುತ್ತಾನೆ ಎಂದರು. ಮೊದಲ ಪಂಚಮಿಗೆ ತವರಿಗೆ ಬಂದವಳು ಇನ್ನು ಹೋಗಲಾರೆನೆಂದು ಅತ್ತಳು. ತಾಯಿ ಹೇಳಿದ ಮಾತು ಇದು: “ಒಂದೆರಡ ವರ್ಷ ತಡಕೊ ಯವ್ವಾ. ಗಂಡಸನ್ನ ತಿದ್ದೂದು ಹೆಂಗಸಿನ ಕೈಯಾಗ ಐತಿ. ದಿನಾ ನೋಡೂದಿಲ್ಲೇನ ಟೀವಿಯಾಗ?” ಮೂರು ವರ್ಷದ ಮೇಲೆ ಆಕೆ ಮರಳಿ ಬಂದಾಗ ಬಗಲಲ್ಲಿ ಕೂಸು ಇತ್ತು, ಮೈಮೇಲೆ ತವರಿನ ಬಂಗಾರ ಇರಲಿಲ್ಲ. ಗಂಡ ಇವತ್ತಿಗೂ ಅದೇ ಧಂದೆಯಲ್ಲಿದ್ದಾನೆ. ಆ ತಾಯಿ ಕೆಟ್ಟವಳಲ್ಲ. ಮಗಳ ಬಾಳು ಹಸನಾಗಲೆಂದೇ ಅಂದವಳು. ಅವಳ ಕೈಗೆ ಬೇರೆ ಕಥೆಯನ್ನು ಯಾರೂ ಕೊಟ್ಟಿರಲಿಲ್ಲ.

ಇನ್ನು ಕೆಲವು ಪಂಡಿತರು, ಕಳ್ಳನೊಬ್ಬ ವಾಲ್ಮೀಕಿ ಆಗಲಿಲ್ಲವೇ, ಮನುಷ್ಯ ಬದಲಾಗುವುದಿಲ್ಲವೇ ಎಂದು ವಾದಿಸುತ್ತಾರೆ. ಆದಿಕವಿಯ ಮೇಲೆ ಹೊರಿಸಿದ ಆ ಕಥೆ ಆಮೇಲೆ ಹುಟ್ಟಿದ್ದು, ಅದನ್ನು ಒಪ್ಪದವರು ಬಹಳ ಜನ; ಅವರ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಕಥೆಯನ್ನು ಎತ್ತಿದವರು ಅದನ್ನು ಪೂರ್ತಿಯಾದರೂ ಹೇಳಬೇಡವೇ? ಅದರಲ್ಲಿ ನಾರದರ ಮಾತಿನಂತೆ ಅವನು ಮನೆಗೆ ಬಂದು, ನನ್ನ ಪಾಪದಲ್ಲಿ ಪಾಲು ತೆಗೆದುಕೊಳ್ಳುತ್ತೀರಾ ಎಂದು ಹೆಂಡತಿ ಮಕ್ಕಳನ್ನು ಕೇಳುತ್ತಾನೆ. ಇಲ್ಲ ಎನ್ನುತ್ತಾರೆ. ಆ ‘ಇಲ್ಲ’ ಎಂಬುದೇ ಅವನನ್ನು ಬದಲಿಸಿತು. ಗಾಯಕ್ಕೆ ಅರಿಷಿಣ ಹಚ್ಚಿ, ಬುತ್ತಿ ಕಟ್ಟಿ ಕಳಿಸಿದ್ದರೆ ಅವನು ಮರುದಿನವೂ ಅದೇ ಅಡವಿಗೆ ಹೋಗುತ್ತಿದ್ದ.

ನಮ್ಮ ಬೆಳಗಾವಿ ಸೀಮೆಯ ಸಣ್ಣಾಟದವರು ಇದನ್ನು ಟೀವಿಯವರಿಗಿಂತ ಚೆನ್ನಾಗಿ ಅರಿತಿದ್ದರು. ‘ಸಂಗ್ಯಾ ಬಾಳ್ಯಾ’ ಆಟ ನೋಡಿದವರು ಇನ್ನೂ ಇದ್ದಾರೆ. ಬೈಲಹೊಂಗಲದ ಕಥೆ, ನಮ್ಮ ಪಕ್ಕದ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಅದೇ ಎಳೆಯಿಂದ ನಾಟಕವನ್ನೂ ಬರೆದರು. ಅಲ್ಲಿಯೂ ಗಂಗಿಯ ಗಂಡ ಮತ್ತು ಅವನ ತಮ್ಮಂದಿರು ಕೊಲೆಗೆ ಕೈಹಾಕುತ್ತಾರೆ, ಮರ್ಯಾದೆಯ ಮನೆಯೊಂದು ಕೊಲೆಗಾರರ ಮನೆಯಾಗುತ್ತದೆ. ಪ್ರೀತಿ, ಮೋಸ, ಸಿಟ್ಟು ಎಲ್ಲ ಇದೆ. ಆದರೆ ಕೊಲೆಯನ್ನು ಕೊಲೆ ಎಂದೇ ಕರೆಯುತ್ತಾರೆ. ಅದನ್ನು ತೊಳೆಯಲು ಗಂಗಿಯ ಕೈಗೆ ನೀರಿನ ಚರಿಗೆ ಕೊಡುವುದಿಲ್ಲ. ನಸುಕಿನಲ್ಲಿ ಕಂಬಳಿ ಹೊದ್ದು ಮನೆಗೆ ಹೋಗುವ ಮಂದಿಯ ಎದೆಯಲ್ಲಿ ಒಂದು ಅಂಜಿಕೆ ಉಳಿಯುತ್ತಿತ್ತು.

ಹೊರದೇಶದವರೂ ಇದನ್ನು ಕಂಡಿದ್ದಾರೆ. 1972ರ ‘ದಿ ಗಾಡ್‌ಫಾದರ್’ ಚಿತ್ರದಲ್ಲಿ ಅಂಥ ಮನೆಯ ಸೊಸೆ ಗಂಡನನ್ನು ನೇರವಾಗಿ ಕೇಳುತ್ತಾಳೆ. ಅವನು ಸುಳ್ಳು ಹೇಳುತ್ತಾನೆ, ಕಡೆಯ ದೃಶ್ಯದಲ್ಲಿ ಅವಳ ಮುಖದ ಮುಂದೆಯೇ ಬಾಗಿಲು ಮುಚ್ಚುತ್ತದೆ. ಅದು ಸಿನೇಮಾ. ನಿಜವಾಗಿ ನಡೆದದ್ದು ಇನ್ನೂ ಘೋರ. ಇಟಲಿಯಲ್ಲಿ ಲೇಯಾ ಗಾರೊಫಾಲೊ ಎಂಬಾಕೆ ಅಪರಾಧದ ಮನೆತನದಲ್ಲೇ ಹುಟ್ಟಿ, ಅಂಥವನ ಜೊತೆಗೇ ಬಾಳುವೆ ಮಾಡಿದವಳು. 2002ರಲ್ಲಿ ಆಕೆ ಪೊಲೀಸರ ಮುಂದೆ ಬಾಯಿ ಬಿಟ್ಟಳು. 2009ರಲ್ಲಿ ಮಿಲಾನಿನಲ್ಲಿ ಅವಳನ್ನು ಕೊಂದರು. ಹೆತ್ತ ಮಗಳೇ ಕೋರ್ಟಿನಲ್ಲಿ ನಿಂತು ತಂದೆಯ ವಿರುದ್ಧ ಸಾಕ್ಷಿ ಹೇಳಿದಳು. ಅಂಥ ಮನೆಯನ್ನು ಒಳಗಿನ ಹೆಣ್ಣು ಎದುರಿಸಿದರೆ ಬೆಲೆ ಇಷ್ಟಾಗುತ್ತದೆ. ಇದನ್ನು ಗಂಜಿಯ ಬಟ್ಟಲಿನಲ್ಲಿ ಮುಗಿಸುವವರಿಗೆ ನಾಚಿಕೆ ಇರಬೇಕು.

ಅಷ್ಟಕ್ಕೂ ಅಪರಾಧದ ಮನೆತನವೆಂದು ಯಾರನ್ನು ಕರೆಯುತ್ತಾರೆ? ನಮ್ಮ ಗೋಕಾಕ ಸೀಮೆ ಇದಕ್ಕೂ ಒಂದು ಉತ್ತರ ಕಂಡಿದೆ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಕೆಲವು ಅಲೆಮಾರಿ ಬಡ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಬಿಟ್ಟಿತು. 1911ರ ಕಾಯ್ದೆಯ ನಂತರ ಮುಂಬಯಿ ಇಲಾಖೆಯಲ್ಲಿ ಅವರನ್ನು ಕೂಡಿಹಾಕುವ ಸೆಟ್ಲಮೆಂಟುಗಳು ಬೆಳೆದವು: ವಿಜಾಪುರ, ಹುಬ್ಬಳ್ಳಿ, ಗದಗ, ಮತ್ತೆ ನೂಲಿನ ಗಿರಣಿಯ ಊರಾದ ನಮ್ಮ ಗೋಕಾಕ ಫಾಲ್ಸ್. ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಹೊರಗೆ ಹೋಗಬಾರದು. ಮುಂಬಯಿ ಪ್ರಾಂತ 1949ರಲ್ಲಿ, ಇಡೀ ದೇಶ 1952ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿತು. ಆದರೆ ಆ ಓಣಿಯವರೆಂದರೆ ಹೆಣ್ಣು ಕೊಡಲು, ಕೆಲಸ ಕೊಡಲು ಹಿಂಜರಿಯುವ ಮನಸ್ಸನ್ನು ತೆಗೆಯಲಾಗಲಿಲ್ಲ. ತಪ್ಪು ಮಾಡದ ಬಡವನಿಗೆ ಹುಟ್ಟಿನ ಕಳಂಕ ಮೂರು ತಲೆಮಾರು ಹೋಗಲಿಲ್ಲ. ವಾಡೆ ಕಟ್ಟಿಸಿ ಹತ್ತು ಜೀಪು ನಿಲ್ಲಿಸಿದವನ ನೆತ್ತರಿನ ಕಲೆ ಮಾತ್ರ ಒಬ್ಬ ಸೊಸೆ ಬಂದೊಡನೆ ಹೋಗುತ್ತದೆ. ಟೀವಿಯ ಈ ನ್ಯಾಯ ಬ್ರಿಟಿಷರ ನ್ಯಾಯಕ್ಕಿಂತ ಎಷ್ಟು ಮೇಲು?

ಧಾರಾವಾಹಿಗಳನ್ನು ನಿಲ್ಲಿಸಿರಿ ಎಂದು ನಾನು ಹೇಳುವುದಿಲ್ಲ. ಸರಕಾರದ ಕೈಗೆ ಕತ್ತರಿ ಕೊಟ್ಟರೆ ಅದು ಮೊದಲು ಕತ್ತರಿಸುವುದು ಒಳ್ಳೆಯದನ್ನೇ. ಗೂಂಡಾ ಮನೆಯ ಕಥೆ ಬರೆಯಿರಿ, ಸೊಸೆಯ ಕಥೆಯನ್ನೂ ಬರೆಯಿರಿ. ಆದರೆ ಅವಳು ಒಂದು ದಿನ ಟ್ರಂಕು ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಡುವುದನ್ನು ತೋರಿಸಿರಿ. ಅವಳ ಅಪ್ಪ ವಕೀಲರ ಮನೆ ಕೇಳಿಕೊಂಡು ಹೋಗುವುದನ್ನು ತೋರಿಸಿರಿ. ಹೊಲ ಕಳೆದುಕೊಂಡವನು ಸಾಕ್ಷಿ ಹೇಳುವ ದಿನವನ್ನು ತೋರಿಸಿರಿ. ಇದರಲ್ಲಿ ಮುನ್ನೂರು ಕಂತಿಗೆ ಸಾಕಾಗುವಷ್ಟು ಕಥೆ ಇಲ್ಲವೇ?

ನೋಡುವವರಿಗೆ, ಅದರಲ್ಲೂ ಹಿರಿಯರಿಗೆ, ನನ್ನದು ಒಂದೇ ವಿನಂತಿ. ಚಹಾದಂಗಡಿಯಲ್ಲಿ ಕೂತು ತಿಳಿದುಕೊಂಡ ಮಾತನ್ನು ಮನೆಗೆ ಬಂದು ಮರೆಯಬೇಡಿರಿ. ಹಾದಿ ತಪ್ಪಿದವನು ಮೊದಲು ಹಾದಿಗೆ ಬರಲಿ, ಒಂದೆರಡು ವರ್ಷ ನೆಟ್ಟಗೆ ದುಡಿದು ತೋರಿಸಲಿ. ಲಗ್ನದ ಮಾತು ಆಮೇಲೆ ಆಡೋಣ. ಕೊಟ್ಟ ಮೇಲೆ ತಿಳಿದಿದ್ದರೆ, ಪಂಚಮಿಗೆ ಬಂದ ಮಗಳು ಹೋಗಲಾರೆನೆಂದಾಗ ಅವಳ ಮಾತನ್ನು ಕೂತು ಕೇಳಿರಿ. ಕೇಳುವ ಮೊದಲು ಟೀವಿ ಆರಿಸಿರಿ.