ಲೋಕಲ್ ಐಡಿ ನಡೆಯೋಲ್ಲ ಸಾರ್

ಬೆಂಗಳೂರಿಗೆ ಬರೋರು ಎಲ್ಲಿ ಉಳೀಬೇಕು, ಏನು ತಿನ್ನಬೇಕು, ಏನು ನೋಡಬೇಕು ಅಂತ ಹೇಳೋ ಪಟ್ಟಿಗಳ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೇ. ಯಾಕಂದ್ರೆ ಅಂಥದ್ದೊಂದು ಪಟ್ಟಿಯನ್ನು ನಾನೇ ಬರೆದಿದ್ದೇನೆ.

ಆಫೀಸಿನ ಎಚ್‌ಆರ್ ಕಡೆಯಿಂದ ಒಂದು ದಿನ ಮೇಲ್ ಬಂತು. ಪುಣೆ, ಹೈದರಾಬಾದ್‌ನಿಂದ ಹೊಸಬರು ಬರ್ತಿದ್ದಾರೆ, ನಿಮ್ಮ ಫ್ಲೋರಿನಲ್ಲಿ ಕನ್ನಡದವರು ನೀವೊಬ್ಬರೇ, ಒಂದು ‘ಲೋಕಲ್ ಗೈಡ್’ ಬರೆದುಕೊಡಿ ಅಂತ. ಶಿರಾ ತಾಲ್ಲೂಕಿನ ಹಳ್ಳಿಯವನಾದ ನಾನು ಬೆಂಗಳೂರಿಗೆ ಲೋಕಲ್ ಆಗಿದ್ದು ಅವತ್ತೇ. ಉಬ್ಬಿಹೋಗಿ ರಾತ್ರಿಯೆಲ್ಲಾ ಕೂತು ಬರೆದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ, 1943ರಿಂದ ಇದೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್, 1924ರದ್ದು. ಮಲ್ಲೇಶ್ವರದ ಸಿಟಿಆರ್. ಇಂದಿರಾನಗರದ ಮೂರು ಬ್ರೂವರಿ. ನಂದಿಬೆಟ್ಟದ ಸೂರ್ಯೋದಯ. ಉಳಿಯೋಕೆ ‘ಆಪ್‌ನಲ್ಲಿ ಒಳ್ಳೇ ರೇಟಿಂಗ್ ಇರೋ ಯಾವುದಾದರೂ ಹೋಟೆಲ್’. ಹನ್ನೆರಡು ಜಾಗ, ಹನ್ನೆರಡು ಫೋಟೋ. ಎಲ್ಲರೂ ಮೆಚ್ಚಿದರು. ಮ್ಯಾನೇಜರ್ ‘ಸೂಪರ್ ಮಗಾ’ ಅಂದ.

ಅದಾಗಿ ಮೂರು ತಿಂಗಳಿಗೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಶನ್ ನಿಗದಿಯಾಯಿತು, ಮಿಂಟೋ ಆಸ್ಪತ್ರೆಯಲ್ಲಿ. ನಾನಿರೋದು ಬೇಗೂರಿನ ಕಡೆ. ಬೆಳಿಗ್ಗೆ ಏಳಕ್ಕೆಲ್ಲ ಮಾರ್ಕೆಟ್ ಹತ್ತಿರ ಇರಬೇಕು ಅಂದ್ರೆ ಆ ಟ್ರಾಫಿಕ್ಕಿನಲ್ಲಿ ಅಪ್ಪನನ್ನು ಮೂರು ದಿನ ಓಡಾಡಿಸೋದು ಆಗದ ಮಾತು. ಹಂಗಾಗಿ ನಾನೇ ಬರೆದ ಸಲಹೆ ಪಾಲಿಸಿ, ಆಪ್‌ನಲ್ಲಿ ಒಳ್ಳೇ ರೇಟಿಂಗ್ ಇದ್ದ ಒಂದು ಹೋಟೆಲಿನಲ್ಲಿ ಇಬ್ಬರಿಗೆ ರೂಮ್ ಬುಕ್ ಮಾಡಿದೆ. ರಿಸೆಪ್ಷನ್ನಿನ ಹುಡುಗ ನನ್ನ ಆಧಾರ್ ನೋಡಿದ.

“ಲೋಕಲ್ ಐಡಿ ನಡೆಯೋಲ್ಲ ಸಾರ್. ಬೆಂಗಳೂರು ಅಡ್ರೆಸ್ ಇರೋರಿಗೆ ರೂಮ್ ಕೊಡೋ ಹಾಗಿಲ್ಲ.”

ಯಾವ ಕಾನೂನಿನಲ್ಲಿದೆ ಅಂತ ಕೇಳಿದೆ. “ಪಾಲಿಸಿ ಸಾರ್” ಅಂದ. “ಅಪ್ಪಾಜಿ ಒಬ್ಬರೇ ಇರ್ತಾರೆ ಅಂದ್ರೆ ಓಕೆ, ಅವರದು ಔಟ್‌ಸ್ಟೇಷನ್ ಐಡಿ.” ನಾಳೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳೋ ಅರವತ್ತೆಂಟು ವರ್ಷದವರು ಒಬ್ಬರೇ ಇರಬಹುದಂತೆ. ಮಗ ಜೊತೆಗಿರಬಾರದಂತೆ. ಲೋಕಲ್ ಗೈಡ್ ಬರೆದವನನ್ನು ಲೋಕಲ್ ಅನ್ನೋ ಕಾರಣಕ್ಕೇ ಆಚೆ ಕಳಿಸಿದರು.

ನಾನು ಫೋನ್ ಹಿಡಿದು ಕಸ್ಟಮರ್ ಕೇರ್ ಜೊತೆ ಕೂಗಾಡ್ತಿದ್ದೆ. ಅಪ್ಪ ಬ್ಯಾಗ್ ಎತ್ತಿಕೊಂಡು, “ಬಾರ್ಲಾ, ಬಳೇಪೇಟೆಗೆ ಹೋಗಾನ” ಅಂದರು.

ಪಂಪ್‌ಸೆಟ್ ಸಾಮಾನಿಗೆ ಅಂತ ಎಸ್‌ಜೆಪಿ ರೋಡಿಗೆ ಬರುವಾಗಲೆಲ್ಲ ಅಪ್ಪ ಉಳೀತಿದ್ದ ಹಳೇ ಲಾಡ್ಜು. ಕೌಂಟರಿನಲ್ಲಿದ್ದವರು ಉದ್ದನೆಯ ಲೆಡ್ಜರ್ ತೆಗೆದು ಮೊದಲು ಕೇಳಿದ್ದು, “ಯಾವೂರಾಯ್ತು ಯಜಮಾನ್ರೇ?” ಐಡಿಯನ್ನೂ ಕೇಳಿದರು, ಇಬ್ಬರದೂ ಬರೆದುಕೊಂಡರು. ಆದರೆ ಎರಡನೆಯದಾಗಿ. ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತು, ಬಾಡಿಗೆ ಇಪ್ಪತ್ತನಾಲ್ಕು ಗಂಟೆ ಲೆಕ್ಕ, ಕಣ್ಣಿನ ಆಪರೇಶನ್ ಅಂದ್ರೆ ಮೆಟ್ಟಿಲು ಹತ್ತೋದು ಬೇಡ, ಕೆಳಗಿನ ರೂಮೇ ಇರಲಿ. ಎರಡು ನಿಮಿಷದ ಕೆಲಸ.

ಹದಿಮೂರು ವರ್ಷದಿಂದ ಈ ಊರಿನಲ್ಲಿರೋ ನನ್ನ ಹನ್ನೆರಡು ಜಾಗದಲ್ಲಿ ಒಂದೂ ಆ ಮೂರು ದಿನಕ್ಕೆ ಉಪಯೋಗಕ್ಕೆ ಬರಲಿಲ್ಲ. ನನ್ನ ತಕರಾರು ಶುರುವಾಗೋದು ಇಲ್ಲಿಂದ.

ನಾವು ಬರೆಯೋ ಪಟ್ಟಿ ಯಾರಿಗೆ? ವಯಸ್ಸು ಇಪ್ಪತ್ತೈದು, ಆರೋಗ್ಯ ಗಟ್ಟಿ, ಜೇಬು ಭರ್ತಿ, ಬರೋದು ವೀಕೆಂಡಿಗೆ. ಆದರೆ ಮೆಜೆಸ್ಟಿಕ್ಕಿನಲ್ಲಿ ಬೆಳಗಿನ ಜಾವ ಒಂದರ್ಧ ಗಂಟೆ ನಿಂತು ನೋಡಿ. ಎಕ್ಸ್‌ರೇ ಕವರ್ ಹಿಡಿದವರು, ಇಂಟರ್‌ವ್ಯೂಗೆ ಇಸ್ತ್ರಿ ಶರ್ಟು ಮಡಚಿಟ್ಟುಕೊಂಡ ಹುಡುಗರು, ಕೋರ್ಟಿನ ಫೈಲಿನವರು, ಮಗಳ ಹೆರಿಗೆಗೆ ಬಂದ ಅಮ್ಮಂದಿರು. ಇವರೂ ಬೆಂಗಳೂರಿಗೆ ಬರೋರೇ. ಇವರಿಗೂ ಉಳಿಯೋಕೆ ಜಾಗ ಬೇಕು, ಊಟ ಬೇಕು, ನಡುವೆ ಒಂದು ಮಧ್ಯಾಹ್ನ ಬಿಡುವಿದ್ದರೆ ಏನಾದರೂ ನೋಡಬೇಕು ಅಂತಲೂ ಇರುತ್ತೆ. ಇವರ ಹೆಸರಿನಲ್ಲಿ ಪಟ್ಟಿ ಬರೆದ ಒಬ್ಬ ಇನ್‌ಫ್ಲುಯೆನ್ಸರ್‌ನನ್ನೂ ನಾನು ನೋಡಿಲ್ಲ.

ಎರಡನೆಯದು ಊಟ. ನಮ್ಮ ಪಟ್ಟಿಗಳ ಪ್ರಕಾರ ಬೆಂಗಳೂರು ಅಂದ್ರೆ ಬೆಣ್ಣೆ ದೋಸೆ, ಫಿಲ್ಟರ್ ಕಾಫಿ, ಅದಾದಮೇಲೆ ನೇರ ಕ್ರಾಫ್ಟ್ ಬಿಯರ್. ನಡುವೆ ಇರೋ ಮುದ್ದೆ, ಬಸ್ಸಾರು, ಕಾಲ್ ಸೂಪು, ತಲೆಮಾಂಸ ಎಲ್ಲಿ ಹೋಯ್ತು ಗುರೂ? ಕಾಟನ್‌ಪೇಟೆ, ಬಳೇಪೇಟೆ ಸುತ್ತಲಿನ ಮಿಲಿಟರಿ ಹೋಟೆಲುಗಳು ಇವತ್ತು ನಿನ್ನೆಯವಲ್ಲ. ಮುದ್ದೆ ತಿಂದು ಬೆಳೆದ ನಾನೇ ನನ್ನ ಪಟ್ಟಿಯಲ್ಲಿ ಮುದ್ದೆ ಹೋಟೆಲ್ ಬರೆದಿರಲಿಲ್ಲ. ಮರೆತಿದ್ದಲ್ಲ, ನಾಚಿಕೆಯಾಗಿತ್ತು. ‘ಕ್ಲಾಸಿ ಅನ್ಸಲ್ಲ’ ಅಂತ ಬೇಕಂತಲೇ ಬಿಟ್ಟಿದ್ದೆ. ಇದನ್ನು ಒಪ್ಪಿಕೊಳ್ಳದೆ ಈ ಲೇಖನ ಬರೆಯೋ ಹಕ್ಕು ನನಗಿಲ್ಲ.

ಮೂರನೆಯದು ‘ಹಿಡನ್ ಜೆಮ್’ ಅನ್ನೋ ಮಾತು. ಯಾರಿಂದ ಹಿಡನ್ ಸ್ವಾಮಿ? ದಿನಾ ಬೆಳಿಗ್ಗೆ ಆಟೋದವರು, ಹೂವಿನವರು, ಪೌರಕಾರ್ಮಿಕರು ತಿಂಡಿ ತಿನ್ನೋ ಜಾಗ ನಿಮಗೆ ಮೊನ್ನೆ ಗೊತ್ತಾಯಿತು ಅಂದ್ರೆ ಅದು ಬಚ್ಚಿಟ್ಟುಕೊಂಡಿರಲಿಲ್ಲ, ನೀವು ಆ ಕಡೆ ಹೋಗಿರಲಿಲ್ಲ ಅಷ್ಟೇ. ದರ್ಶಿನಿ ಅನ್ನೋ ಪದ್ಧತಿ 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಗಿದ್ದು. ನಿಂತು ತಿನ್ನು, ಕಮ್ಮಿ ದುಡ್ಡು ಕೊಡು, ಬೇಗ ಜಾಗ ಬಿಡು. ಅಂಥ ಜಾಗದಲ್ಲಿ ಈಗ ರೀಲ್ಸ್‌ಗೋಸ್ಕರ ಒಂದು ಇಡ್ಲಿ ಎದುರು ಕಾಲು ಗಂಟೆ ನಿಲ್ಲುತ್ತೇವೆ. ಹಿಂದೆ ಕೆಲಸಕ್ಕೆ ಹೊತ್ತಾದವನು ಟೋಕನ್ ಹಿಡಿದು ಕಾಯುತ್ತಿರುತ್ತಾನೆ.

ನಾಲ್ಕನೆಯದು, ನಾವು ಹೇಳೋ ಕಥೆ. ರಾಜ ಬಲ್ಲಾಳ ದಾರಿ ತಪ್ಪಿ, ಅಜ್ಜಿ ಬೆಂದ ಕಾಳು ಕೊಟ್ಟು, ಊರು ಬೆಂದಕಾಳೂರು ಆಯಿತಂತೆ. ಕಥೆಯ ಬಲ್ಲಾಳ ಹೊಯ್ಸಳರವನು, ಹನ್ನೆರಡನೇ ಶತಮಾನದವನು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರೋ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು. ಗಂಗರ ಕಾಲದ ಆ ಕಲ್ಲು ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ನೆನಪಿಗೆ ನಿಂತಿದೆ. ಅಂದ್ರೆ ಕಾಳು ಬೇಯೋಕೆ ಹೆಚ್ಚೂಕಮ್ಮಿ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗೋ ಸಾವಿರಾರು ಜನ ಬೇಗೂರಿನಲ್ಲಿ ಮನೆ ಮಾಡಿಕೊಂಡಿದ್ದೇವೆ. ನಾನು ಆ ಕಲ್ಲು ನೋಡಿದ್ದು ಅಲ್ಲಿಗೆ ಬಂದು ಆರು ವರ್ಷ ಆದಮೇಲೆ.

ಇದನ್ನೆಲ್ಲ ಹೇಳಿದರೆ ಗೆಳೆಯರು ಎರಡು ಪ್ರಶ್ನೆ ಎತ್ತುತ್ತಾರೆ. ಒಂದು, ‘ಪಟ್ಟಿಯಿಂದ ಯಾರಿಗೇನು ನಷ್ಟ? ಬೇಕಾದವರು ಓದ್ತಾರೆ ಬಿಡು.’ ನಷ್ಟ ಇದೆ. ಊರು ಹೇಗಿರಬೇಕು ಅನ್ನೋದು ದುಡ್ಡು ಎಲ್ಲಿ ಓಡುತ್ತೆ ಅನ್ನೋದರ ಮೇಲೆ ನಿಂತಿದೆ. ಪಟ್ಟಿ ಓಡಿಸಿದ ಕಡೆ ದುಡ್ಡು ಓಡುತ್ತೆ, ಬಾಡಿಗೆ ಅದರ ಹಿಂದೆ ಓಡುತ್ತೆ. ಎಕ್ಸ್‌ರೇ ಕವರ್ ಹಿಡಿದವರಿಗೆ ರೂಮ್ ಕೊಡೋ ಲಾಡ್ಜು ಯಾವ ಪಟ್ಟಿಯಲ್ಲೂ ಇರೋದಿಲ್ಲ. ಅದು ಮುಚ್ಚಿದ ದಿನ ಸುದ್ದಿಯೂ ಆಗೋದಿಲ್ಲ.

ಎರಡನೆಯದು, ‘ನೀನೇ ಶಿರಾದವನು, ಯಾವ ಸೀಮೆ ಲೋಕಲ್ ಮಾರಾಯ?’ ಸರಿಯಾದ ಪ್ರಶ್ನೆಯೇ. ಇಷ್ಟೇ ನನ್ನ ಉತ್ತರ: ಬಂದವರು ಎಲ್ಲಿ ಇಳೀತಾರೆ ಅಂತ ಯೋಚಿಸೋನು ಲೋಕಲ್. ಗುಬ್ಬಿ ಮೂಲದ ವ್ಯಾಪಾರಿ ತೋಟದಪ್ಪನವರು ಅದನ್ನು ಯೋಚಿಸಿದರು. ಸಿಟಿ ರೈಲ್ವೆ ಸ್ಟೇಷನ್ ಹತ್ತಿರ ಅವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಶುರುವಾಯಿತು. ಗುಬ್ಬಿ ತೋಟದಪ್ಪ ರಸ್ತೆಯಲ್ಲಿ ಕ್ಯಾಬ್ ಬುಕ್ ಮಾಡೋ ನಾವು ಆ ಹೆಸರು ಯಾಕೆ ಬಂತು ಅಂತ ಕೇಳಿಕೊಂಡಿದ್ದು ಕಮ್ಮಿ.

ಬರೀ ಬೈದು ಹೋದರೆ ನ್ಯಾಯವಲ್ಲ. ಆ ಮೂರು ದಿನದಲ್ಲಿ ಅಪ್ಪನ ಜೊತೆ ಕಲಿತಿದ್ದು, ಅದಾದಮೇಲೆ ತಿದ್ದಿ ಬರೆದಿದ್ದು ಇಲ್ಲಿದೆ.

ಉಳಿಯೋಕೆ: ಗಾಂಧಿನಗರ, ಬಳೇಪೇಟೆ, ಮೆಜೆಸ್ಟಿಕ್ ಸುತ್ತಲಿನ ಹಳೇ ಲಾಡ್ಜುಗಳು. ಮುಂಗಡ ಕೊಡೋ ಮುಂಚೆ ರೂಮ್ ನೋಡಿ: ಕಿಟಕಿ ಇದೆಯಾ, ಲಿಫ್ಟ್ ನಡೆಯುತ್ತಾ, ಬಿಸಿನೀರು ಎಷ್ಟೊತ್ತಿಗೆ. ಆಸ್ಪತ್ರೆಗೆ ಬಂದಿದ್ದರೆ ಅಲ್ಲೇ ಮೊದಲು ವಿಚಾರಿಸಿ. ಕಿದ್ವಾಯಿ, ನಿಮ್ಹಾನ್ಸ್‌ನಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆಗಳಿವೆ. ಆಪ್‌ನಲ್ಲೇ ಬುಕ್ ಮಾಡೋದಾದರೆ ಫೋನ್ ಮಾಡಿ ‘ಲೋಕಲ್ ಐಡಿ ನಡೆಯುತ್ತಾ’ ಅಂತ ಕೇಳಿಕೊಂಡೇ ದುಡ್ಡು ಕಟ್ಟಿ.

ಊಟಕ್ಕೆ: ಬೆಳಿಗ್ಗೆ ಹತ್ತಿರದ ಯಾವ ದರ್ಶಿನಿಯಾದರೂ ಸರಿ, ಹೆಸರು ಬೇಕಿಲ್ಲ, ಜನ ಬಂದು ಹೋಗ್ತಿದ್ದರೆ ಸಾಕು. ಕೈ ಬಿಗಿ ಇದ್ದರೆ ಇಂದಿರಾ ಕ್ಯಾಂಟೀನ್. 2017ರಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇತ್ತು. ಮಧ್ಯಾಹ್ನ ಮುದ್ದೆ ಊಟ. ವಿದ್ಯಾರ್ಥಿ ಭವನವನ್ನು ನಾನು ಪಟ್ಟಿಯಿಂದ ತೆಗೆದಿಲ್ಲ. ದೋಸೆ ಚೆನ್ನಾಗೇ ಇದೆ, ನನ್ನ ಜಗಳ ದೋಸೆ ಜೊತೆಗಲ್ಲ.

ನೋಡೋಕೆ: ಲಾಲ್‌ಬಾಗ್ ಬಂಡೆ. ಆಪರೇಶನ್ನಿನ ಹಿಂದಿನ ಸಂಜೆ ಅಪ್ಪನನ್ನು ಕರಕೊಂಡು ಹೋಗಿದ್ದೆ. ಮುನ್ನೂರು ಕೋಟಿ ವರ್ಷ ಹಳೇ ಕಲ್ಲಂತೆ ಅಂದೆ. ಅಂಗೈ ಊರಿ ಕೂತು, “ರಾಗಿ ಕಣಕ್ಕೆ ಒಳ್ಳೇ ಜಾಗ ಕಣ್ಲಾ” ಅಂದರು. ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ, 1877ರಲ್ಲಿ ಕಟ್ಟಿದ್ದು. ಬೇಗೂರಿನ ಕಲ್ಲು. ಊರಿನವರಾದರೆ ಜಿಕೆವಿಕೆಯ ಕೃಷಿ ಮೇಳ, ಸಾಮಾನ್ಯವಾಗಿ ನವೆಂಬರಿನಲ್ಲಿ. ರೈತರು ಬಸ್ಸು ಮಾಡಿಕೊಂಡು ಬರೋ ಆ ಮೇಳ ನಮ್ಮ ಯಾವ ‘ಟಾಪ್ ಟೆನ್’ನಲ್ಲೂ ಇಲ್ಲ.

ಇದನ್ನು ಎಚ್‌ಆರ್‌ಗೂ ಕಳಿಸಿದೆ. ‘ಚೆನ್ನಾಗಿದೆ, ಆದ್ರೆ ನಮ್ಮ ಆಡಿಯನ್ಸ್‌ಗೆ ಸೂಟ್ ಆಗಲ್ಲ’ ಅಂತ ಉತ್ತರ ಬಂತು. ಆಡಿಯನ್ಸ್‌ಗೂ ಅಪ್ಪ ಅಮ್ಮ ಇದ್ದಾರೆ, ಅವರೂ ಒಂದು ದಿನ ರಿಪೋರ್ಟ್ ಹಿಡಿದು ಇಲ್ಲಿಗೇ ಬರ್ತಾರೆ ಅಂತ ವಾಪಸ್ ಬರೆದೆ. ಅದಕ್ಕೆ ಉತ್ತರ ಬಂದಿಲ್ಲ.

ಮುಂದಿನ ಸಲ ಯಾರಾದರೂ ‘ಬೆಂಗಳೂರಿಗೆ ಬರ್ತಿದ್ದೀವಿ, ಎಲ್ಲಿ ಉಳಿಯೋದು’ ಅಂತ ಕೇಳಿದರೆ ತಕ್ಷಣ ಲಿಂಕ್ ಕಳಿಸಬೇಡಿ. ಯಾರ‍್ಯಾರು ಬರ್ತಿದ್ದೀರಿ, ಯಾತಕ್ಕೆ ಬರ್ತಿದ್ದೀರಿ ಅಂತ ಮೊದಲು ಕೇಳಿ. ಬಳೇಪೇಟೆಯ ಆ ಲೆಡ್ಜರಿನವರು ನಮ್ಮನ್ನು ಕೇಳಿದ್ದೂ ಇಷ್ಟನ್ನೇ.