ಚುಚ್ಚಿಸಿದ್ದು, ಚುಚ್ಚಿಸಿಕೊಂಡದ್ದು

ಮಗುವಿಗೆ ಕಿವಿ ಚುಚ್ಚಿಸುತ್ತಾರೆ. ಹುಡುಗಿಗೆ ಮೂಗು ಚುಚ್ಚಿಸುತ್ತಾರೆ. ಎರಡೂ ವಾಕ್ಯಗಳಲ್ಲಿ ಮಾಡಿಸುವವರು ಅಪ್ಪ, ಅಮ್ಮ, ಅಜ್ಜಿ, ಕೆಲವೊಮ್ಮೆ ಮುಂದೆ ಅತ್ತೆಯಾಗಲಿರುವವರು. ಮಾಡುವವನು ಅಕ್ಕಸಾಲಿಗ. ಕಿವಿ, ಮೂಗು ಯಾರದೋ ಅವಳಿಗೆ ಈ ವಾಕ್ಯದಲ್ಲಿ ಅಳುವುದು ಬಿಟ್ಟು ಬೇರೆ ಕೆಲಸವಿಲ್ಲ. ಇದೇ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದರೆ ‘ಚುಚ್ಚಿಸಿಕೊಂಡಳು’ ಆಗುತ್ತದೆ. ಮಾಡಿಸಿದವಳೂ ಅವಳೇ, ಮೂಗೂ ಅವಳದೇ. ಪುಣೆ, ಮುಂಬೈ, ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಮಗಳ ಸೆಪ್ಟಮ್ ರಿಂಗಿನ ಹೆಸರಿನಲ್ಲಿ ನಡೆಯುವ ಜಗಳ ಬಹುಪಾಲು ಈ ‘ಕೊಂಡಳು’ವಿನ ಮೇಲಿನ ಜಗಳ.

ಅದು ಆಭರಣದ ಮೇಲಿನ ಜಗಳವಾಗಿದ್ದರೆ ಅದೇ ಮನೆಯ ಹಾಲಿನಲ್ಲಿ ಮಗಳ ರಂಗಪ್ರವೇಶದ ದೊಡ್ಡ ಫೋಟೋ ತೂಗುತ್ತಿರಲಿಲ್ಲ. ಭರತನಾಟ್ಯದ ಅಲಂಕಾರದಲ್ಲಿ ಮೂಗಿನ ಎರಡೂ ಕಡೆಗೆ ಒಡವೆ ಇರುತ್ತದೆ. ನಡುವೆ, ಮೇಲ್ತುಟಿಯ ಮೇಲೆ, ಮುತ್ತಿನ ಒಂದು ಬುಲ್ಲಾಕು ತೂಗುತ್ತದೆ. ಈಗ ಸಿಗುವುದೆಲ್ಲ ಒತ್ತಿ ಕೂರಿಸುವ ಕ್ಲಿಪ್ಪಿನದು, ತೂತು ಬೇಕಿಲ್ಲ. ಆದರೆ ಜಾಗ ಅದೇ. ಫೋಟೋದಲ್ಲಿ ಅದು ಲಕ್ಷಣ, ದೀಪಾವಳಿಗೆ ಮನೆಗೆ ಬಂದ ಮಗಳ ಮೂಗಿನಲ್ಲಿ ಅದು ಅವಲಕ್ಷಣ. ನೆರೆಮನೆಯ ಮರಾಠಿ ಹೆಂಗಸರು ಗಣೇಶನ ಹಬ್ಬಕ್ಕೆ ಕೆನ್ನೆಯವರೆಗೂ ಬರುವ ನಥ್ ಇಟ್ಟುಕೊಂಡು ಬಂದರೆ ‘ಎಷ್ಟು ಚೆಂದ’ ಎನ್ನುವುದೂ ಇದೇ ಅಮ್ಮಂದಿರೇ.

ತೂತಿನ ಮೇಲಿನ ಜಗಳವೂ ಇದಲ್ಲ. ಮೂಗಿನ ಹೊಳ್ಳೆಗೆ ಮೂಗುಬಟ್ಟು ಇಟ್ಟರೆ ಅದನ್ನು ತೆಗೆದ ಮೇಲೂ ಕಲೆ ಎಲ್ಲರಿಗೂ ಕಾಣುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಗೆ ಚುಚ್ಚಿಸಿದ್ದು ತೆಗೆದ ಮರುಕ್ಷಣದಿಂದಲೇ ಹೊರಗೆ ಕಾಣುವುದಿಲ್ಲ. ಹೊಸದಾಗಿದ್ದರೆ ಬೇಗ ಮುಚ್ಚಿಕೊಳ್ಳುತ್ತದೆ, ಹಳೆಯದಾದರೆ ಕುಗ್ಗಿ ಒಳಗೇ ಉಳಿಯುತ್ತದೆ. ಮದುವೆಗೆ ಮುಂಚೆ ಮೂಗು ಚುಚ್ಚಿಸಲು ಒತ್ತಾಯಿಸುವವರು ಕಾಣುವ ಕಲೆಗೆ ಒಪ್ಪುತ್ತಾರೆ, ಕಾಣದ ಕಲೆಗೆ ಹೆದರುತ್ತಾರೆ.

ಹೆದರಿಕೆ ಬಾಯಿಗೆ ಬರುವುದು ಸಾಮಾನ್ಯವಾಗಿ ದನದ ರೂಪದಲ್ಲಿ. “ಎತ್ತಿಗೆ ಮೂಗುದಾರ ಹಾಕಿದಂಗ ಕಾಣ್ತದ” ಎನ್ನುವುದು ಧಾರವಾಡದ ಕಡೆಯ ಅಮ್ಮನ ಮೊದಲ ಮಾತು. ಮೈಸೂರಿನ ಕಡೆಯವರು ಎಮ್ಮೆಯನ್ನು ಕರೆತರಬಹುದು. ಹೋಲಿಕೆ ತಪ್ಪೇನಲ್ಲ, ಎತ್ತಿಗೆ ಹಗ್ಗ ಪೋಣಿಸುವುದೂ ಆ ನಡುಗೋಡೆಗೇ. ಆ ಜಾಗಕ್ಕೆ ನೋವು ಬೇಗ ಮುಟ್ಟುವುದರಿಂದ ಹಗ್ಗ ಸ್ವಲ್ಪ ಎಳೆದರೂ ಅಷ್ಟು ದೊಡ್ಡ ಪ್ರಾಣಿ ಹೇಳಿದ ಕಡೆಗೆ ತಿರುಗುತ್ತದೆ. ಕನ್ನಡದಲ್ಲಿ ಮೂಗುದಾರ ಎಂದರೆ ಹತೋಟಿ. ಊರು ಅಲೆಯುವ ಹುಡುಗನಿಗೆ ‘ಮದುವೆ ಮಾಡಿ, ಮೂಗುದಾರ ಬೀಳಲಿ’ ಎನ್ನುತ್ತಾರೆ. ಮೂಗುದಾರ ಹಾಕುವವರು ಯಾವಾಗಲೂ ಬೇರೆಯವರು, ಹಗ್ಗದ ಇನ್ನೊಂದು ತುದಿ ಅವರ ಕೈಯಲ್ಲಿರುತ್ತದೆ. ಮಗಳ ಮೂಗಿನ ರಿಂಗಿಗೆ ಮಾತ್ರ ಇನ್ನೊಂದು ತುದಿಯೇ ಇಲ್ಲ.

ಇಷ್ಟಾದರೂ ಹೆಣ್ಣುಮಕ್ಕಳು ತಮ್ಮ ಪರವಾಗಿ ಹೂಡುವ ವಾದ ಹಲವು ಸಲ ಪೊಳ್ಳು. ‘ಇದು ಸಂಪ್ರದಾಯವೇ, ಮುತ್ತಜ್ಜಿ ಬುಲಾಕು ಹಾಕುತ್ತಿದ್ದಳು’ ಎಂಬುದು ಆ ವಾದ. ಮುತ್ತಜ್ಜಿ ಹಾಕಿದ್ದಿರಬಹುದು. ಗಢವಾಲ, ನೇಪಾಳದ ಬೆಟ್ಟಗಳಿಂದ ತೆಲುಗು, ತಮಿಳು ನಾಡುಗಳವರೆಗೆ ಬುಲಾಕ್, ಬುಲಾಕಿ, ಪುಲ್ಲಾಕ್ಕು ಎಂದು ಒಂದೇ ಹೆಸರು ಸ್ವಲ್ಪ ಸ್ವಲ್ಪ ಬದಲಾಗಿ ಓಡಾಡಿದೆ. ಕನ್ನಡಕ್ಕೂ ಅದು ಹಿಂದೂಸ್ತಾನಿಯಿಂದಲೇ ಬಂದದ್ದು. ಅನಾದಿ ಕಾಲದ ಮಾತು ಎತ್ತುವವರು ಪುಣೆಯಲ್ಲೇ ಇದ್ದರೆ ಭಂಡಾರ್ಕರ್ ಸಂಸ್ಥೆಯ ಪಿ.ಕೆ. ಗೋಡೆ ನಥ್‌ನ ಪ್ರಾಚೀನತೆಯನ್ನು ಹುಡುಕುತ್ತಾ ಬರೆದ ಪ್ರಬಂಧವನ್ನು ತಿರುವಿ ಹಾಕಬಹುದು. ಎ.ಎಸ್. ಅಳ್ತೇಕರ್ ಹಿಂದೂ ಸ್ತ್ರೀಯರ ಸ್ಥಾನಮಾನದ ಬಗ್ಗೆ 1938ರಲ್ಲಿ ತಂದ ಪುಸ್ತಕದಲ್ಲಿ, ತಲೆಯಿಂದ ಕಾಲಿನವರೆಗೆ ಒಡವೆ ಹೊತ್ತ ಹಳೆಯ ಶಿಲ್ಪಗಳಲ್ಲೂ ಮೂಗಿಗೆ ಏನೂ ಇಲ್ಲವೆಂದು ತೋರಿಸಿ, ಮೂಗಿನ ಆಭರಣ ಆಮೇಲೆ ಹೊರಗಿನಿಂದ ಬಂದದ್ದೆಂದು ವಾದಿಸಿದರು.

ಅದಕ್ಕಿಂತ ಮುಖ್ಯವಾಗಿ, ಇವತ್ತಿನ ರಿಂಗು ಮುತ್ತಜ್ಜಿಯ ಪೆಟ್ಟಿಗೆಯಿಂದ ಎದ್ದು ಬಂದದ್ದಲ್ಲ. ಜಿಮ್ ವಾರ್ಡ್ ಎಂಬಾತ 1975ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಗಾಂಟ್ಲೆಟ್’ ಎಂಬ ಪಿಯರ್ಸಿಂಗ್ ವ್ಯಾಪಾರ ಶುರು ಮಾಡಿದ. ಪಂಕ್ ಹುಡುಗ ಹುಡುಗಿಯರು, ಸಂಗೀತದ ವಿಡಿಯೋಗಳು, ಆಮೇಲೆ ಫೋನಿನ ಪರದೆ ದಾಟಿ ಅದು ಕೋರೆಗಾಂವ್ ಪಾರ್ಕ್ ತಲುಪಿದೆ. ಹುಡುಗಿಯರ ಬಾಯಲ್ಲಿರುವ ಪದವೇ ಇದನ್ನು ಹೇಳುತ್ತದೆ. ಗೆಳತಿಗೆ ಯಾರೂ ‘ಬುಲಾಕು ಹಾಕಿಸಿಕೊಂಡೆ’ ಎನ್ನುವುದಿಲ್ಲ, ‘ಸೆಪ್ಟಮ್ ಮಾಡಿಸ್ಕೊಂಡೆ ಕಣೇ’ ಎನ್ನುತ್ತಾರೆ. ಬುಲಾಕು ನೆನಪಾಗುವುದು ಅಮ್ಮನ ಫೋನ್ ಬಂದಾಗ. ಮುತ್ತಜ್ಜಿಗೆ ಬುಲಾಕು ಹಾಕಿಸಿದ್ದೂ ಬಹುಶಃ ಬೇರೆಯವರೇ. ಅವಳನ್ನು ಸಾಕ್ಷಿಗೆ ಕರೆದರೆ ಹಳೆಯ ‘ಚುಚ್ಚಿಸಿದರು’ ವಾಕ್ಯಕ್ಕೇ ಮರಳಿದಂತಾಗುತ್ತದೆ. ಬೇಕು ಅನ್ನಿಸಿತು, ಮಾಡಿಸಿಕೊಂಡೆ ಎನ್ನುವುದು ಸಣ್ಣ ಉತ್ತರ, ಆದರೆ ನಿಜವಾದದ್ದು.

ವಾದ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಬಚ್ಚಿಡುವುದು. ಈ ಪಿಯರ್ಸಿಂಗಿನ ಜನಪ್ರಿಯತೆಗೆ ಅರ್ಧ ಕಾರಣವೂ ಇದೇ ಇರಬೇಕು. ಮೊದಲ ಸಲ ಹಾಕುವುದು ಹೆಚ್ಚಾಗಿ ಕುದುರೆಲಾಳದ ಆಕಾರದ, ತುದಿಗೆರಡು ಮಣಿಗಳಿರುವ ಕಡ್ಡಿ. ಅದನ್ನು ಮೇಲಕ್ಕೆ ಮಗುಚಿದರೆ ಮೂಗಿನೊಳಗೆ ಮಾಯ. ಅಜ್ಜಿಯ ವಿಡಿಯೋ ಕಾಲಿಗೆ ಮುಂಚೆ ಮಗುಚುವುದು, ಉದ್ಯಾನ್ ಎಕ್ಸ್‌ಪ್ರೆಸ್ ಸೋಲಾಪುರ ಬಿಡುವಾಗ ಮಗುಚುವುದು, ಕಂಪನಿಯ ಕ್ಲೈಂಟ್ ಬಂದಾಗ ಮಗುಚುವುದು. ಹಳೆಯದಾದ ಮೇಲೆ ಇದಕ್ಕೇನೂ ತೊಂದರೆಯಿಲ್ಲ.

ಹೊಸತರಲ್ಲಿ ಮಾತ್ರ ಇದು ಸರಿಯಲ್ಲ. ಒಳ್ಳೆಯ ಕೈಯವರು ಚುಚ್ಚುವುದು ಮೂಗಿನ ಮೃದು ಎಲುಬಿಗಲ್ಲ, ಅದರ ಮುಂದೆ, ಮೂಗಿನ ತುದಿಯ ಕಡೆ ಇರುವ ತೆಳು ಪೊರೆಗೆ. ಬೆರಳಲ್ಲಿ ಒತ್ತಿ ಹುಡುಕಿದರೆ ಅದು ಸಿಗುತ್ತದೆ. ಕೆಲವರಿಗೆ ಅದು ತೀರಾ ಸಣ್ಣದು, ಕೆಲವರಿಗೆ ನಡುಗೋಡೆಯೇ ಓರೆ, ರಿಂಗು ಸೊಟ್ಟಗೆ ಕೂರುತ್ತದೆ. ಹಾಗಿದ್ದರೆ ಬೇಡ ಎಂದು ಹೇಳಿ ಕಳಿಸುವ ಅಂಗಡಿಯೇ ಒಳ್ಳೆಯ ಅಂಗಡಿ. ಟೊಳ್ಳು ಸೂಜಿ ದಾಟುವ ಒಂದೆರಡು ಸೆಕೆಂಡು ಚುರುಕ್ ಎನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದು ಅಳುವಲ್ಲ, ಮೂಗಿನ ನರಕ್ಕೆ ಕಣ್ಣು ತಾನಾಗಿ ಕೊಡುವ ಉತ್ತರ. ಕಿವಿಗೆ ಚುಚ್ಚುವ ಗನ್ ಹಿಡಿದು ಯಾರಾದರೂ ಹತ್ತಿರ ಬಂದರೆ ಎದ್ದು ಬರಬೇಕು. ನಿಕ್ಕಲ್ ಆಗದವರಿಗೆ ಅಗ್ಗದ ಲೋಹ ತುರಿಕೆ ತರುತ್ತದೆ, ಶರೀರದೊಳಗೆ ಕೂರಿಸುವ ದರ್ಜೆಯ ಟೈಟಾನಿಯಂ ಕೇಳಿ ಪಡೆಯುವುದು ಕ್ಷೇಮ.

ಆಮೇಲೆ ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು, ಅದನ್ನು ಅದರ ಪಾಡಿಗೆ ಬಿಡಬೇಕು. ದಿನಕ್ಕೆರಡು ಸಲ ಸಲೈನ್ ನೀರು, ತೊಳೆದ ಕೈ, ಅಷ್ಟೇ. ತಿರುಗಿಸಬಾರದು, ಮಗುಚಬಾರದು, ಮೇಲಿದ್ದರೆ ಮೇಲೆ, ಕೆಳಗಿದ್ದರೆ ಕೆಳಗೆ. ದಿನಕ್ಕೆ ನಾಲ್ಕು ಸಲ ಬಚ್ಚಿಟ್ಟು ನಾಲ್ಕು ಸಲ ಹೊರತೆಗೆದರೆ ಗಾಯ ಮಾಗುವುದಿಲ್ಲ, ಊದುತ್ತದೆ, ಕೀವಾಗುವ ಸಂಭವ ಹೆಚ್ಚುತ್ತದೆ. ಆಗ ‘ಹೇಳಿರಲಿಲ್ಲವೇ’ ಎನ್ನುವ ಅವಕಾಶ ಅಮ್ಮನಿಗೆ ಸಿಗುತ್ತದೆ, ಅವಳು ಹೇಳಿಯೇ ಇರದಿದ್ದರೂ.

ಅಮ್ಮಂದಿರ ಎಲ್ಲ ಮಾತನ್ನೂ ತಳ್ಳಿಹಾಕುವುದು ನ್ಯಾಯವಲ್ಲ. ನೋಡಲು ಬರುವ ಗಂಡಿನ ಕಡೆಯವರು ಏನೆನ್ನುತ್ತಾರೆ ಎಂಬುದು ಅವರಿಗೆ ನಿಜವಾದ ಚಿಂತೆ, ಬ್ಯಾಂಕು, ಹೋಟೆಲುಗಳ ಮುಂಗಟ್ಟೆಯಲ್ಲಿ ಇದಕ್ಕೆ ತಕರಾರು ಬರುವುದೂ ನಿಜ. ಹೆಣ್ಣುಮಕ್ಕಳ ಕಡೆಗೂ ಒಂದು ಪ್ರಶ್ನೆಯಿದೆ. ‘ನನ್ನ ಮೂಗು, ನನ್ನ ನಿರ್ಧಾರ’ ಎನ್ನುವವಳಿಗೆ ನಾಳೆ ಹೆಣ್ಣುಮಗು ಹುಟ್ಟಿದರೆ ಅದರ ಕಿವಿ ಯಾರದು? ಒಂದು ವರ್ಷ ತುಂಬುವುದರೊಳಗೆ ಅಕ್ಕಸಾಲಿಗನ ಮುಂದೆ ಕೂರಿಸುವಾಗ ಈ ವಾಕ್ಯ ನೆನಪಾಗುವವರು ಹೆಚ್ಚಿಲ್ಲ.

ಅಮ್ಮಂದಿರ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು, ಗದರಿಕೆ ಮುಗಿದು ಫೋನ್ ಇಡುವ ಮುಂಚೆ ಬರುವಂಥದು: “ನೆಗಡಿ ಆದ್ರ ಹೆಂಗ ಮೂಗು ಒರಸ್ತಿ?” ಅದಕ್ಕೆ ಉತ್ತರವಿದೆ. ಮೊದಲ ವಾರಗಳಲ್ಲಿ ನೆಗಡಿಯಾದರೆ ಬಹಳ ಕಷ್ಟ. ಒರಟು ಕರವಸ್ತ್ರ ಬೇಡ, ಮೆತ್ತನೆಯ ಕಾಗದ ಸಾಕು, ಪಕ್ಕದಿಂದ ಒತ್ತಿ ತೆಗೆಯಬೇಕು, ಆಮೇಲೆ ಸಲೈನ್. ಪುಣೆ, ಮುಂಬೈಯವರು ಮಳೆಗಾಲ ಕಳೆಯುವವರೆಗೆ ಕಾಯುವುದು ವಾಸಿ.