ಮಂದ್ರಧ್ವನಿಯೂ ದಾವಣಗೆರೆಯ ಅರಳೆಯೂ

ದಾವಣಗೆರೆ, ಹರಿಹರಗಳ ಕಾಂಕ್ರೀಟು ಮನೆಗಳಲ್ಲಿ, ಚಿಕ್ಕ ಕೊಠಡಿಯೊಳಗೆ ಕುಳಿತು ಸಂಗೀತ ಕೇಳುವವರು ತಬಲದ ಡಗ್ಗಾ ಬರಿದೆ ಗುಂಯ್‌ಗುಡುವುದೆಂದು ದೂರುವುದುಂಟು. ದೋಷವನ್ನು ಧ್ವನಿವರ್ಧಕದ ಮೇಲೆ ಹೊರಿಸಿ ಹೆಚ್ಚು ಬೆಲೆಯದನ್ನು ತರುವುದು ಹಣದ ಅಪವ್ಯಯವೆಂದೇ ನನ್ನ ಅಭಿಪ್ರಾಯ. ತಪ್ಪು ಬಹುಮಟ್ಟಿಗೆ ಕೊಠಡಿಯದು.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರು ಚಲಿಸುತ್ತದೆ. ಗೋಡೆಯಿಂದ ಗೋಡೆಗೆ 3 ಮೀಟರಿರುವಲ್ಲಿ 6 ಮೀಟರು ಉದ್ದದ ಅಲೆ, ಎಂದರೆ ಸೆಕೆಂಡಿಗೆ ಸುಮಾರು 57 ಕಂಪನಗಳ ಸ್ವರ, ಪ್ರತಿಫಲಿಸಿ ಸ್ಥಾಯೀ ಅಲೆಯಾಗಿ ನಿಲ್ಲುತ್ತದೆ. ಉದ್ದಗಲಗಳು ಸಮನಾದರಂತೂ ಅದು ಇನ್ನಷ್ಟು ಪ್ರಬಲ. ತೆಳು ಪರದೆ, ಜಮಖಾನೆಗಳು ತಾರಸ್ವರವನ್ನಷ್ಟೆ ಹೀರಬಲ್ಲವು. ಮಂದ್ರಕ್ಕೆ ದಪ್ಪನೆಯ ಎಳೆರಾಶಿಯೇ ಬೇಕು.

ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರಿಗೆ ಅದೇನೂ ದುರ್ಲಭವಲ್ಲ. ಗೇಣುದಪ್ಪದ, ಸಡಿಲವಾಗಿ ತುಂಬಿದ ಅರಳೆಯ ಹಾಸಿಗೆಗಳನ್ನು ಮೂಲೆಗಳಿಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ತೆರಪು ಬಿಡಬೇಕು. ಗೋಡೆಗಂಟಿದ ಗಾಳಿ ಅಲುಗದು. ಗೋಡೆಯಿಂದ ದೂರ ಸರಿದಂತೆ ಅಲುಗಾಟ ಹೆಚ್ಚಿ, ಎಳೆಗಳ ಘರ್ಷಣೆಯಿಂದ ಶಬ್ದಶಕ್ತಿ ಶಾಖವಾಗುತ್ತದೆ. ಅರಳೆ ಬೇಗ ಹೊತ್ತಿಕೊಳ್ಳುವುದರಿಂದ ದೀಪ, ವಿದ್ಯುತ್ ತಂತಿಗಳು ದೂರವಿರಲಿ. ಇಷ್ಟರಿಂದ ಗುಂಯ್ಕಾರ ಪೂರ್ಣವಾಗಿ ಅಳಿಯದಾದರೂ ಕುಗ್ಗುವುದು. ಬಾಗಿಲು ತೆರೆದಿಟ್ಟರೆ ಇನ್ನಷ್ಟು ತಗ್ಗುವುದು. ಯಂತ್ರವನ್ನು ಬದಲಿಸುವ ಮುನ್ನ ಕೊಠಡಿಯನ್ನು ತಿದ್ದುವುದೇ ವಿವೇಕ.